ವರನಿಲ್ಲದ ಹಾಲಗಂಬ

ಗೋಡೆ ಒಡೆಯಲು ಜೆಸಿಬಿ ಬಂತು ಎಂದು ಪಕ್ಕದ ಮನೆಯ ಮುರಿಗೆವ್ವ ಕೂಗಿಕೊಂಡಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದದ್ದು ಕರಕಾದರೆ ಆಗಲಿ ಎಂದು ಹಿಟ್ಟಿನ ಕೈಯಲ್ಲೇ ಹೊರಗೆ ಓಡಿದೆ.

ಗೋಕುಲ ರಸ್ತೆಯಿಂದ ಒಳಗೆ ಬಂದರೆ ಸಿಗುವ ಸಣ್ಣ ಓಣಿ ನಮ್ಮದು. ಕೊನೆಗೊಂದು ಗೋಡೆ, ಅಲ್ಲಿಗೆ ಓಣಿ ಮುಗಿಯಿತು. ಗೋಡೆಯಾಚೆಯ ಹೊಲದಲ್ಲಿ ಈಗ ಹೊಸ ಲೇಔಟ್ ಆಗುತ್ತದಂತೆ, ಅದರ ರಸ್ತೆಯನ್ನು ನಮ್ಮ ಓಣಿಗೇ ಕೂಡಿಸುತ್ತಾರಂತೆ. ಎಲಾ ಇವರ! ಉಸುಕಿನ ಟಿಪ್ಪರು, ಇಟ್ಟಂಗಿ ಲಾರಿ ಎಲ್ಲ ನಮ್ಮ ಹೊಸ್ತಿಲ ಮುಂದೆಯೇ ಹಾಯಬೇಕೇ? ಹುಡುಗರು ಎಲ್ಲಿ ಆಡಬೇಕು? ಎಲ್ಲರಿಗಿಂತ ಹೆಚ್ಚು ಮೈ ಉರಿದದ್ದು ನನಗೆ. ಈ ಓಣಿಯ ಹೆಣ್ಣುಮಕ್ಕಳ ಮದುವೆಗೆಲ್ಲ ಓಣಿ ತುಂಬ ಹಂದರ ಹಾಕಿ ಊಟ ಬಡಿಸಿದವರು ನಾವು. ನನಗಿರುವವಳು ಒಬ್ಬಳೇ ಮಗಳು, ಐಶ್ವರ್ಯಾ. ಅವಳ ಹಂದರವೂ ಇಲ್ಲೇ ಏಳಬೇಕು ಎಂಬುದು ನನ್ನ ಹಟ. ಗಾಡಿ ಓಡಾಡುವ ರಸ್ತೆಯಲ್ಲಿ ಹಂದರ ಹಾಕಲು ಯಾರು ಬಿಡುತ್ತಾರೆ? ಅದಕ್ಕೇ ಗಲಾಟೆ, ಧರಣಿ ಎಲ್ಲದಕ್ಕೂ ನಾನೇ ಮುಂದೆ.

ಜೆಸಿಬಿ ಡ್ರೈವರ್ ಅಜರುದ್ದೀನ ಪಕ್ಕದ ಓಣಿಯವನೇ. ಕೆಳಗಿಳಿದು ಕೈ ಮುಗಿದ.

“ಕಾವೇರಕ್ಕಾರ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ. ಪರ್ಮಿಷನ್ ಬಂದೈತ್ರಿ. ಈ ತಿಂಗಳದಾಗ ದಾರಿ ಕೂಡಲಿಲ್ಲಂದ್ರ ಲೇಔಟಽ ರದ್ದಾಗ್ತೈತಂತ್ರಿ.”

ರದ್ದಾಗುತ್ತದೆ! ಒಂದು ತಿಂಗಳು ದೂಡಿದರೆ ನಾವು ಗೆದ್ದಂತೆ. ಬಾಯಿಗೆ ಬಂದದ್ದನ್ನು ಅಂದೇಬಿಟ್ಟೆ.

“ಹೆಂಗ ಒಡಿತಿ? ನಮ್ಮ ಐಶ್ವರ್ಯಾನ ಮದಿವಿ ಐತಿ. ಇವತ್ತಽ ಹಾಲಗಂಬ!”

ಇಡೀ ಓಣಿ ಬಾಯಿ ತೆರೆದು ನಿಂತಿತು. ಓಣಿಗೆಲ್ಲ ಹಿರಿಯರಾದ ಗುರುಸಿದ್ದಯ್ಯಜ್ಜ ನನ್ನ ಮುಖ ನೋಡಿದರು, ಜೆಸಿಬಿ ನೋಡಿದರು. “ಹೌದ್ಹೌದು! ಮುಹೂರ್ತ ಮೀರ್ತದ, ಲಗೂ ಲಗೂ!” ಎಂದು ಕೋಲು ಬಡಿದರು. ಒಬ್ಬರು ಅತ್ತಿಮರದ ಟೊಂಗೆ ತರಲು ಓಡಿದರು, ಒಬ್ಬರು ಹಾರೆ ತಂದರು. ಗೋಡೆಯ ಮುಂದೆ ನಟ್ಟನಡುವೆ ಕುಣಿ ತೋಡಿ, ಅರಿಷಿಣ ಹಚ್ಚಿ, ಹಾಲೆರೆದು, ಹಂದರದ ಮೊದಲ ಕಂಬವನ್ನು ನೆಟ್ಟೇಬಿಟ್ಟೆವು. ಹೆಂಗಸರು ಸೋಬಾನದ ಹಾಡನ್ನೂ ಎತ್ತಿದರು. ಹಾಲಗಂಬ ನೆಟ್ಟ ಮೇಲೆ ಮದುವೆ ಮುಗಿಯುವ ತನಕ ಅದನ್ನು ಯಾರೂ ಅಲುಗಿಸುವಂತಿಲ್ಲ. ಅಜರುದ್ದೀನ ಯಂತ್ರ ಬಂದ್ ಮಾಡಿದ. “ಶುಭಕಾರ್ಯಕ್ಕ ನಾ ಅಡ್ಡ ಬರಂಗಿಲ್ರಿ” ಎಂದು ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕೇಳಿದ.

ಗೆದ್ದೆವೆಂದು ನಾನು ಕುಣಿದದ್ದೇ ಕುಣಿದದ್ದು. ಆಗ ಮುರಿಗೆವ್ವ ಕಿವಿಯಲ್ಲಿ ಉಸುರಿದಳು. “ಕಾವೇರಿ, ಕಂಬ ಏನೋ ಹುಗದ್ವಿ. ಹುಡುಗ ಎಲ್ಲಿ ಅದಾನ?”

ಹಾಲಗಂಬ ನೆಟ್ಟು ಮದುವೆ ಆಗದಿದ್ದರೆ ಹುಡುಗಿಗೆ ಕೇಡು. ಬಂದ ಗಂಡುಗಳನ್ನೆಲ್ಲ ಒಲ್ಲೆ ಎಂದವಳು ನನ್ನ ಮಗಳು. ಗೆಲ್ಲುವ ಭರದಲ್ಲಿ ಅವಳ ಬಾಳನ್ನೇ ಪಣಕ್ಕಿಟ್ಟೆನಲ್ಲ! ಅಂಗಡಿಯಲ್ಲಿದ್ದ ಗಂಡನಿಗೆ ಫೋನ್ ಹಚ್ಚಿದೆ. “ಛಲೋ ಆತು, ಹುಡುಗನ ಹೆಸರೇನು?” ಎಂದು ಕೇಳಿದರು ಆ ಪುಣ್ಯಾತ್ಮರು.

ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಮೊದಲ ಪಾಳಿ ಮುಗಿಸಿ ಐಶ್ವರ್ಯಾ ಮಧ್ಯಾಹ್ನ ಬಂದಳು. ಓಣಿಗೆ ಕಾಲಿಡುತ್ತಲೇ ಯಾರೋ ಅವಳ ಬಾಯಿಗೆ ಸಕ್ಕರೆ ಹಾಕಿದ್ದರು. ಕಂಬ ನೋಡಿದವಳೇ ನನ್ನ ರಟ್ಟೆ ಹಿಡಿದು ಒಳಗೆ ಎಳೆದೊಯ್ದಳು.

“ಅವ್ವಾ, ಯಾರ ಮದಿವಿ ಅದು?”

“ನಿಂದಽ.”

“ಯಾರ ಜೋಡಿ?”

“ಅದನ್ನಽ ವಿಚಾರ ಮಾಡಾಕತ್ತೇನಿ” ಎಂದೆ. ಅವಳ ಕಣ್ಣು ತುಂಬಿದ್ದು ನೋಡಿ ಅವಳ ಕೈ ಹಿಡಿದುಕೊಂಡೆ. “ತಪ್ಪಾತವಾ. ಸಿಟ್ಟಿನ ಭರದಾಗ ಅಂದುಬಿಟ್ಟೆ.”

“ಬಸವಕಿರಣ ಅಂತ ಅದಾನವ್ವಾ, ನಮ್ಮ ಫ್ಯಾಕ್ಟರಿಯಂವ. ಲಗ್ನ ಆಗ್ಬೇಕಂತೀವಿ. ಅವನ ಮನ್ಯಾಗ ಒಪ್ಯಾರ. ನಿನಗ ಹೇಳಾಕ ಹೆದರಿದ್ದೆ.”

“ಯಾಕ, ನಾ ಏನು ಹುಲಿ ಅದೇನೇನು?”

“ನಾವು ಸೈಟ್ ತಗೊಂಡೀವಿ. ಆ ಗೋಡಿ ಹಿಂದ, ಹೊಸ ಲೇಔಟಿನ್ಯಾಗ.” “ಅಂವ ಧಾರವಾಡದಾಗ ತಗೊಳ್ಳೂಣಂದ. ನಾನಽ ಹಟ ಹಿಡದೆ, ನಮ್ಮವ್ವನ ಮನಿ ಹಿಂದಽ ಬೇಕು, ದಿನಾ ಸಂಜಿಮುಂದ ಅಕಿ ಕೂಡ ಚಾ ಕುಡಿಯಾಕ ಬರಬೇಕು ಅಂತ. ನೀ ನೋಡಿದ್ರ ಆ ದಾರಿಗೇ ಅಡ್ಡ ಕುಂತಿ.”

ಇಷ್ಟು ದಿನ ನಾನು ಗಂಟಲು ಹರಿದುಕೊಂಡದ್ದು ನನ್ನ ಮಗಳು ಮನೆಗೆ ಬರಬಾರದೆಂದೇ? ಅಳು ಬಂತು, ಅದರ ಬೆನ್ನಿಗೇ ನಗುವೂ ಬಂತು. ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಬಂದೆ.

“ಹುಡುಗ ಸಿಕ್ಕ!” ಎಂದು ಕೂಗಿದೆ. ಓಣಿ ಹೋ ಎಂದಿತು. “ಗೋಡಿ ಹಿಂದ ಅವಂದೂ ಒಂದು ಸೈಟ್ ಐತಿ” ಎಂದೂ ಸೇರಿಸಿದೆ.

“ಏನವಾ ಕಾವೇರಿ, ಮಗಳ ಸಲುವಾಗಿ ಓಣಿ ಬಿಟ್ಟುಕೊಟ್ಟೇನು?” ಎಂದರು ಗುರುಸಿದ್ದಯ್ಯಜ್ಜ.

“ಇಲ್ರೀ ಅಜ್ಜಾರ. ಲಾರಿ, ಟಿಪ್ಪರ್ ಹೊಲದ ಹಾದಿಲೆ ಬರ್ಲಿ. ಇಲ್ಲಿ ಒಂದು ಬಂದ್ರೂ ನಾ ಅಡ್ಡ ಮಲಗ್ತೇನಿ. ಆದ್ರ ನನ್ನ ಮಗಳು ನಡಕೋತ ಬರೂ ದಾರಿಗೆ ನಾ ಹೆಂಗ ಅಡ್ಡ ನಿಲ್ಲಲ್ರಿ?”

ಅಜ್ಜ ಐಶ್ವರ್ಯಾಳ ಮುಖ ನೋಡಿದರು. “ಮದಿವಿ ಯಾವಾಗ?” ಎಂದು ಕೇಳಿದರು.

“ಈ ತಿಂಗಳದಾಗಽ ಆಗಬೇಕ್ರಿ. ಇಲ್ಲಂದ್ರ ಲೇಔಟ್ ರದ್ದು!”

ಮುರಿಗೆವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಜ್ಜನೂ ನಕ್ಕರು. ಅಜರುದ್ದೀನ ಮೂರನೇ ಚಹಾದ ಕಪ್ಪು ಕೆಳಗಿಟ್ಟು ಎದ್ದು ನಿಂತ.

“ಹಂಗಾರ ನಾ ಯಾವಾಗ ಬರ್ಲಿ ಅಕ್ಕಾರ?”

“ಮದಿವಿ ಮರುದಿನ ಮುಂಜಾನೆ ಬಾ” ಎಂದೆ. “ಬರೂ ಮುಂದ ಒಂದು ಸುತ್ತಿಗಿ ತಗೊಂಡು ಬಾ. ಮೊದಲನೇ ಏಟು ನಾ ಹಾಕ್ತೇನಿ, ಉಳದದ್ದು ನೀ ಒಡಿ.”