ನರಸಮ್ಮ ನೋಡದ ಗರಡಿ ಮನೆ

ಕೆಂಗೇರಿ ಹಳೇ ಊರಿನ ಗರಡಿ ಮನೆಯಲ್ಲಿ ಬೆಳಗಿನ ಸಾಮು ನಡೆಯುತ್ತಿದ್ದಾಗ ಗೋಡೆಯ ಪ್ಲಾಸ್ಟರ್ ಒಂದಷ್ಟು ಕಳಚಿ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಆ ಬೀದಿಯಲ್ಲಿ ಎಲ್ಲರೂ ಎಂಜಿನಿಯರ್‌ಗಳಾಗಿಬಿಟ್ಟರು. ಹಾಲಿನವನೂ ಹೇಳಿದ, ಇಸ್ತ್ರಿಯವನೂ ಹೇಳಿದ, ಈ ಕಟ್ಟಡದ ಕಾಲ ಮುಗಿಯಿತು ಎಂದು.

ಗರಡಿ ಇರುವ ಜಾಗ ನರಸಮ್ಮನದು. ಅವಳ ಗಂಡ ಹನುಮಯ್ಯನ ತಾತ ಕಟ್ಟಿಸಿದ್ದು. ಹನುಮಯ್ಯ ತೀರಿಕೊಂಡ ಮೇಲೆ ಖಾತೆ ಅವಳ ಹೆಸರಿಗೆ ಬಂತು. ಆದರೆ ಗರಡಿಯ ಹೊಸಿಲು ಹೆಂಗಸರು ದಾಟುವ ಹಾಗಿಲ್ಲ, ಅದು ಹಿಂದಿನಿಂದ ಬಂದ ಪದ್ಧತಿ. ಕುಸ್ತಿಯಾಡುವ ಮಟ್ಟಿಯ ಮಣ್ಣಿಗೆ ಬೆರೆಸುವ ಮಜ್ಜಿಗೆ, ಅರಿಶಿನವನ್ನು ಅವಳೇ ಕಲಸಿ ಬಾಗಿಲವರೆಗೆ ತಂದುಕೊಡುತ್ತಿದ್ದಳು. ಒಳಗೆ ಏನಿದೆ ಎಂದು ಮಾತ್ರ ಈ ವಯಸ್ಸಿನವರೆಗೂ ನೋಡಿದವಳಲ್ಲ. ಈಗ ಅದನ್ನು ಉಳಿಸಬೇಕೋ ಕೆಡವಬೇಕೋ ಎಂದು ಅವಳೇ ಹೇಳಬೇಕಾಗಿ ಬಂದಿತ್ತು.

ಮಗ ರವಿಕುಮಾರ್ ಕೆಡವೋಣ ಎನ್ನುತ್ತಿದ್ದ. ವಿಜಯನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು, ದುರಾಸೆಯವನಲ್ಲ. ಆ ಗೋಡೆ ಯಾರದಾದರೂ ಮಕ್ಕಳ ತಲೆ ಮೇಲೆ ಬಿದ್ದರೆ ಏನು ಗತಿ ಎಂಬ ಭಯಕ್ಕೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಒಬ್ಬ ಬಿಲ್ಡರ್‌ನನ್ನೂ ಹುಡುಕಿದ್ದ. ಕೆಳಗೆ ಅಂಗಡಿ, ಮೇಲೆ ಹುಡುಗರಿಗೊಂದು ಜಿಮ್. ಶುಕ್ರವಾರ ಬಿಲ್ಡರ್ ಬರುತ್ತಾನೆ, ಅಮ್ಮ ಸಹಿ ಹಾಕಿದರೆ ಮುಗಿಯಿತು.

ಅಷ್ಟರಲ್ಲಿ ಕೆಂಗೇರಿ ಉಪನಗರದ ರಾಗಿಣಿ ಎಂಬ ಹುಡುಗಿ ಬೀದಿಯಲ್ಲಿ ನಿಂತು ಗರಡಿಯ ಫೋಟೊ ತೆಗೆದುಕೊಂಡಳು. ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಆರ್ಕಿಟೆಕ್ಟ್ ಅವಳು. ಊರಿನ ಹಳೇ ಕಟ್ಟಡಗಳ ಸಮೀಕ್ಷೆ ನಡೆಯುತ್ತಿದೆ, ಇದೂ ಉಳಿಸಬೇಕಾದ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಬಹುದು ಎಂದು ನರಸಮ್ಮನಿಗೆ ಹೇಳಿ, ನಂಬರ್ ಕೊಟ್ಟು ಹೋದಳು.

ಅಲ್ಲಿಗೆ ನರಸಮ್ಮನ ತಲೆ ಗೊಂದಲದ ಗೂಡಾಯಿತು. ಪಟ್ಟಿಗೆ ಸೇರಿದರೆ ಜಾಗ ಸರ್ಕಾರದ ಪಾಲು ಎಂದರು ಪಕ್ಕದ ಮನೆಯವರು. ಒಂದು ಮೊಳೆ ಹೊಡೆದರೂ ದಂಡವಂತೆ ಎಂದು ರವಿಯ ವಾಟ್ಸಾಪ್ ಹೇಳಿತು. ಇಲ್ಲ ಇಲ್ಲ, ಪೂರ್ತಿ ರಿಪೇರಿ ಸರ್ಕಾರವೇ ಮಾಡಿಕೊಡುತ್ತದೆ ಎಂದು ನಾದಿನಿ ಅತ್ತಿಗುಪ್ಪೆಯಿಂದ ಫೋನ್ ಮಾಡಿದಳು. ಯಾರನ್ನು ನಂಬುವುದು? ನರಸಮ್ಮ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ತಿಳಿಯದೆ ಮತ್ತೊಮ್ಮೆ ಹಾಕಿದಳು. ಆ ಸಾರನ್ನು ಯಾರೂ ಉಣ್ಣಲಿಲ್ಲ.

ಗರಡಿಯ ಉಸ್ತಾದ್ ಬೈರಪ್ಪನಾದರೂ ಉಳಿಸಿ ಎನ್ನುತ್ತಾನೆ ಎಂದುಕೊಂಡರೆ ಅವನದು ಇನ್ನೊಂದು ದಿಗಿಲು.

"ಪಟ್ಟಿಗೆ ಸೇರಿದ್ರೆ ಬೀಗ ಜಡಿದು ಮ್ಯೂಸಿಯಂ ಮಾಡ್ತಾರಂತೆ ಅಕ್ಕ. ಬಿಲ್ಡರ್ ಬಂದ್ರೆ ಗರಡಿನೇ ಇರಲ್ಲ. ನಮ್ಮ ಹುಡುಗ್ರು ಎಲ್ಲಿಗೆ ಹೋಗ್ಬೇಕು?"

ಕೆಡವಬೇಕು ಎನ್ನುವವನಿಗೂ ಪಟ್ಟಿಯ ಭಯ, ಉಳಿಸಬೇಕು ಎನ್ನುವವನಿಗೂ ಪಟ್ಟಿಯ ಭಯ. ಇದೆಂಥ ಪಟ್ಟಿ ಎಂದು ನರಸಮ್ಮನಿಗೆ ರೇಗಿಹೋಯಿತು. ಗುರುವಾರ ಅವಳೇ ರಾಗಿಣಿಗೆ ಫೋನ್ ಮಾಡಿ ಮನೆಗೆ ಕರೆದಳು. ರವಿಯನ್ನೂ ಬೈರಪ್ಪನನ್ನೂ ಎದುರಿಗೆ ಕೂರಿಸಿ, ಎಲ್ಲರಿಗೂ ಕಾಫಿ ಕೊಟ್ಟಳು.

ರವಿ ನೇರವಾಗಿ ಕೇಳಿದ, "ಪಟ್ಟಿಗೆ ಸೇರಿದ್ರೆ ಜಾಗ ಯಾರದು ಮೇಡಂ?"

"ನಿಮ್ದೇ ಸಾರ್. ಖಾತೆ ಬದಲಾಗಲ್ಲ. ನಗರದ ಯೋಜನೆ ಮಾಡುವಾಗ ರಸ್ತೆ, ಕೆರೆ, ಪಾರ್ಕ್ ಎಲ್ಲಾ ಗುರುತು ಹಾಕ್ತಾರಲ್ಲ, ಹಂಗೇ ಉಳಿಸ್ಬೇಕಾದ ಕಟ್ಟಡಾನೂ ಗುರುತು ಹಾಕ್ತಾರೆ. ನಿಮ್ಮ ಆಕ್ಷೇಪಣೆ ಇದ್ರೆ ಹೇಳೋಕೆ ಅವಕಾಶ ಇರುತ್ತೆ."

ಮೊಳೆ ಹೊಡೆಯಬಹುದು, ಸುಣ್ಣ ಬಳಿಯಬಹುದು, ಮುರಿದ ಹೆಂಚು ಬದಲಿಸಬಹುದು ಎಂದು ಅವಳು ವಿವರಿಸಿದಳು. ಕೆಡವುವುದಕ್ಕೆ, ರೂಪವೇ ಬದಲಾಗುವಂಥ ಕೆಲಸಕ್ಕೆ ಮಾತ್ರ ಮೊದಲು ಪಾರಂಪರಿಕ ಕಟ್ಟಡಗಳ ಸಮಿತಿಯ ಒಪ್ಪಿಗೆ ಬೇಕು. ಗರಡಿ ಗರಡಿಯಾಗಿಯೇ ನಡೆಯಬಹುದು. ಬಳಕೆಯಲ್ಲಿರುವ ಕಟ್ಟಡವೇ ಬಹಳ ದಿನ ಬಾಳುವುದು ಎಂದಾಗ ಬೈರಪ್ಪ ಕಾಫಿ ಲೋಟ ಕೆಳಗಿಟ್ಟು ಮುಂದೆ ಸರಿದು ಕೂತ.

ಸರ್ಕಾರ ಏನು ಕೊಡುತ್ತದೆ ಎಂದು ನರಸಮ್ಮ ಕೇಳಿದಳು. ಮೇಲೆ ಮಹಡಿ ಕಟ್ಟುವ ಹಕ್ಕನ್ನು ಇಲ್ಲಿ ಬಿಟ್ಟುಕೊಟ್ಟರೆ, ಅದನ್ನು ಬೇರೆ ಜಾಗದಲ್ಲಿ ಬಳಸಲು ಅಥವಾ ಮಾರಲು ಬಿಡುವ ಪದ್ಧತಿ ಇದೆ, ಕೆಲವು ಕಡೆ ತೆರಿಗೆಯಲ್ಲಿ ರಿಯಾಯಿತಿಯೂ ಉಂಟು ಎಂದಳು ರಾಗಿಣಿ.

"ಆದ್ರೆ ನಿಮಗೆ ಇಂತಿಷ್ಟು ಸಿಗುತ್ತೆ ಅಂತ ನಾನು ಸುಳ್ಳು ಹೇಳಲ್ಲ ಅಮ್ಮ. ನಿಯಮ ಬದಲಾಗ್ತಾ ಇರುತ್ತೆ. ನಗರ ಯೋಜನೆ ಆಫೀಸಲ್ಲಿ ಬರವಣಿಗೆಯಲ್ಲೇ ಕೇಳೋಣ. ನಾನೂ ಜೊತೆಗೆ ಬರ್ತೀನಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದವರು ಆ ವಾರದಲ್ಲಿ ಅವಳೊಬ್ಬಳೇ. ನರಸಮ್ಮನಿಗೆ ಅದೇ ಹಿಡಿಸಿತು. ರವಿ ಮಾತ್ರ ಒಪ್ಪಲಿಲ್ಲ. ಕಾನೂನು ಏನೇ ಇರಲಿ, ಬೀಳುವ ಗೋಡೆಯನ್ನು ಪಟ್ಟಿ ಹಿಡಿದು ನಿಲ್ಲಿಸುತ್ತದೆಯೇ ಎಂದು ಕೇಳಿದ. ಕೇಳಬೇಕಾದ ಮಾತೇ ಅದು. ಗೋಡೆಗೆ ತೇವ ಬರಲು ಶುರುವಾದದ್ದು ಯಾವಾಗ ಎಂದು ರಾಗಿಣಿ ವಿಚಾರಿಸಿದಳು.

"ಅಪ್ಪ ಹೋದ ಮಾರನೇ ವರ್ಷ," ಎಂದ ರವಿ. "ಅವರ ನೆನಪಿಗೆ ಅಂತ ಆ ಮಣ್ಣಿನ ಗೋಡೆಗೆಲ್ಲ ಸಿಮೆಂಟ್ ಹಾಕ್ಸಿ, ಆಯಿಲ್ ಪೇಂಟ್ ಹೊಡೆಸಿದ್ದೆ. ಆಮೇಲೇ ಶುರುವಾಗಿದ್ದು."

ಹೇಳುತ್ತಾ ಹೇಳುತ್ತಾ ಅವನ ದನಿ ಸಣ್ಣದಾಯಿತು. ರಾಗಿಣಿ ಅವನನ್ನು ದೂರಲಿಲ್ಲ. ಮಟ್ಟಿಯ ಮಣ್ಣಿಗೆ ದಿನಾ ನೀರು, ಮಜ್ಜಿಗೆ ಬೀಳುತ್ತದೆ. ಆ ತೇವ ಗೋಡೆಗೆ ಏರುತ್ತದೆ. ಮಣ್ಣು, ಸುಣ್ಣದ ಗೋಡೆಯಾದರೆ ಅದು ಹಾಗೇ ಆರಿಹೋಗುತ್ತದೆ, ಸಿಮೆಂಟ್ ಮೆತ್ತಿದರೆ ಒಳಗೇ ಉಳಿದು ಗೋಡೆಯನ್ನು ತಿನ್ನುತ್ತದೆ. ಇದೂ ಹಾಗೇ ಇರಬಹುದು, ಆದರೆ ನೋಡದೆ ಹೇಳಲಾರೆ, ಒಳಗಿನ ಫೋಟೊ ತೆಗೆದು ಕಳಿಸಿ ಎಂದಳು.

ಆಗ ನರಸಮ್ಮ ಬೈರಪ್ಪನ ಕಡೆ ತಿರುಗಿದಳು.

"ಬೈರಣ್ಣ, ನಾಳೆ ನಾನು ಸೈನ್ ಹಾಕ್ಬೇಕು. ಏನು ಕೆಡವ್ತಾ ಇದೀನಿ ಅಂತ ಒಂದು ಸಲನಾದ್ರೂ ನೋಡ್ಬೇಡ್ವಾ?"

ಬೈರಪ್ಪ ಎದ್ದು ಹೋಗಿ ಗರಡಿಯ ಬಾಗಿಲು ತೆಗೆದ. ಆಂಜನೇಯನ ಪಟಕ್ಕೆ ಕೈಮುಗಿದು, ದೀಪ ಹಚ್ಚಿ, ಹೊರಗೆ ಬಂದು ನಿಂತ.

"ಚಪ್ಪಲಿ ಬಿಟ್ಟು ಬನ್ನಿ ಅಕ್ಕ. ಬಾಗಿಲು ಗಿಡ್ಡ, ಬಗ್ಗಿ ಬನ್ನಿ."

ನರಸಮ್ಮ ಬಗ್ಗಿ ಒಳಗೆ ಹೋದಳು. ಅವಳ ಹಿಂದೆ ರಾಗಿಣಿ, ರವಿ. ಒಳಗೆ ಕತ್ತಲು, ತಂಪು. ಗೋಡೆಗೆ ಒರಗಿಸಿದ ಗದೆಗಳು, ನಡುವೆ ಕೆಂಪು ಮಣ್ಣಿನ ಮಟ್ಟಿ. ಹನುಮಯ್ಯ ಸಂಜೆ ಮನೆಗೆ ಬಂದಾಗ ಅವನ ಮೈಯಿಂದ ಬರುತ್ತಿದ್ದ ವಾಸನೆ ಆ ಕೋಣೆಯ ತುಂಬ ಇತ್ತು. ಅವಳಿಗೆ ಅಳು ತಡೆಯಲಾಗಲಿಲ್ಲ.

ರಾಗಿಣಿ ಟಾರ್ಚ್ ಹಿಡಿದು ಗೋಡೆ ತಟ್ಟುತ್ತಾ ಹೋದಳು. ಸಿಮೆಂಟ್ ಇರುವಲ್ಲಿ ಉಬ್ಬಿ, ಒದ್ದೆಯಾಗಿತ್ತು. ಪ್ಲಾಸ್ಟರ್ ಬಿದ್ದುಹೋದ ಜಾಗದಲ್ಲಿ ಮಾತ್ರ ಹಳೇ ಗೋಡೆ ಒಣಗಿ ಗಟ್ಟಿಯಾಗುತ್ತಿತ್ತು. ರವಿ ಅಲ್ಲಿ ಉಗುರಿನಿಂದ ಕೆರೆದು ನೋಡಿದ. ಮಣ್ಣು ಉದುರಲಿಲ್ಲ.

ಅಷ್ಟಕ್ಕೇ ನಂಬಿ ಕೂರಬೇಡಿ, ಕಟ್ಟಡದ ಬಲ ಪರೀಕ್ಷಿಸುವ ಎಂಜಿನಿಯರ್ ಬಂದು ನೋಡಲಿ, ಅಲ್ಲಿಯವರೆಗೆ ಇಲ್ಲಿ ಸಾಮು ಬೇಡ ಎಂದಳು ರಾಗಿಣಿ. ಹುಡುಗರನ್ನು ಹೊರಗಿನ ಅಂಗಳದಲ್ಲಿ ಆಡಿಸುತ್ತೇನೆ ಎಂದು ಬೈರಪ್ಪ ಒಪ್ಪಿದ. ನಾಳೆ ಬಿಲ್ಡರ್‌ಗೆ ಏನು ಹೇಳಲಿ ಎಂದು ರವಿ ಕೇಳಿದ.

"ಬರಬೇಡಿ ಅಂತ ಹೇಳು," ಎಂದಳು ನರಸಮ್ಮ. "ನಂಗೆ ಇನ್ನೂ ಎಲ್ಲಾ ಅರ್ಥ ಆಗಿಲ್ಲ ಕಣೋ. ಅರ್ಥ ಆಗ್ದೇ ಉಳಿಸ್ಕೊಂಡ್ರೆ ನಾಳೆ ಕೇಳಿ ತಿಳ್ಕೋಬಹುದು. ಅರ್ಥ ಆಗ್ದೇ ಕೆಡವಿದ್ರೆ ಯಾರನ್ನ ಕೇಳೋದು?"

ರವಿ ಅಲ್ಲೇ ನಿಂತು ಫೋನ್ ಮಾಡಿದ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಇರಬಹುದು. ಗರಡಿಯೋ, ಛತ್ರವೋ, ಶಾಲೆಯೋ, ನೀವೇ ಇರುವ ಮನೆಯೋ. ಗಾಳಿಮಾತು ಕೇಳಿ ಅದರ ಹಣೆಬರಹ ಬರೆಯಬೇಡಿ. ಗೋಡೆ ಬಿರುಕು ಬಿಟ್ಟರೆ ಜನರನ್ನು ದೂರ ಇರಿಸಿ, ಬಲ್ಲವರಿಂದ ಪರೀಕ್ಷೆ ಮಾಡಿಸಿ. ಹಳೇ ಗೋಡೆಗೆ ಸಿಮೆಂಟ್ ಮೆತ್ತುವ ಮೊದಲು ಒಂದು ಮಾತು ಕೇಳಿ. ಪಟ್ಟಿ, ಒಪ್ಪಿಗೆ, ನೆರವು ಏನೇ ಅನುಮಾನವಿದ್ದರೂ ನಗರ ಯೋಜನೆ ಕಚೇರಿಗೆ ಹೋಗಿ, ಬರವಣಿಗೆಯಲ್ಲಿ ಉತ್ತರ ಪಡೆಯಿರಿ. ಮತ್ತೆ ಸಹಿ ಹಾಕುವ ಮುಂಚೆ, ದಯವಿಟ್ಟು, ಒಮ್ಮೆ ಒಳಗೆ ಹೋಗಿ ನೋಡಿ ಬನ್ನಿ.