ಕಿರುಗುಟ್ಟುವ ತಿದಿ

ಒಂದು ಬೆರಳು ತನ್ನ ರಂಧ್ರವನ್ನು ಮುಚ್ಚಿದ ಮೇಲೆಯೇ ಇನ್ನೊಂದು ಬೆರಳು ಏಳಬೇಕು. ಸ್ವರಕ್ಕೂ ಸ್ವರಕ್ಕೂ ನಡುವೆ ಕೂದಲೆಳೆಯಷ್ಟು ಮೌನವಿರಬೇಕು. ಕೋಕಟ್ ಕಣಿವೆಯ ಪುಟ್ಟ ಬ್ಯಾಗ್‌ಪೈಪನ್ನು ನುಡಿಸುವ ಕ್ರಮವೇ ಅದು. ಹಿಲ್ಡಾ ಟೆಲ್ಫರ್ ಪಾಲಿಗೆ ಮಾತ್ರ ಅದು ಕ್ರಮವಷ್ಟೇ ಅಲ್ಲ, ನಡತೆ. ಒಬ್ಬರ ಮಾತು ಮುಗಿಯುವ ಮುನ್ನವೇ ಇನ್ನೊಬ್ಬರು ಬಾಯಿ ಹಾಕುವ ಈ ಕೆಟ್ಟ ಕಾಲದಲ್ಲಿ ಸರದಿ ಕಾಯುವುದನ್ನು ಇನ್ನೂ ಕಲಿಸುತ್ತಿರುವುದು ಈ ವಾದ್ಯವೊಂದೇ ಎಂದು ಆಕೆ ದೃಢವಾಗಿ ನಂಬಿದ್ದಳು. ಕಣಿವೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು ಬೇರೆ ಹೇಗೆ ತಾನೇ ನಂಬಿಯಾಳು?

ದುರದೃಷ್ಟಕ್ಕೆ ಆಕೆಯ ಗಂಡ ಓಸ್ವಿನ್ ಸ್ವರಗಳನ್ನು ಅಂಟಿಸಿ ನುಡಿಸುತ್ತಿದ್ದ. ಅವನದು ಹೆಚ್ಚಿನ ಸ್ವರಗಳಿಗೆ ಬೇಕಾದ ಲೋಹದ ಕೀಲಿಯೊಂದೂ ಇಲ್ಲದ, ಎಂಟೇ ಸ್ವರಗಳ ಹಳೆಯ ವಾದ್ಯ. ಗಾಳಿ ತುಂಬಲು ತೋಳಿಗೆ ಕಟ್ಟಿಕೊಂಡ ತಿದಿಯನ್ನು ಮೊಣಕೈಯಿಂದ ಒತ್ತಿದಾಗಲೆಲ್ಲ ಅದರ ಕೀಲು ಕಿರ್ರೆನ್ನುತ್ತಿತ್ತು.

“ಅದಕ್ಕೊಂದು ತೊಟ್ಟು ಎಣ್ಣೆ ಬಿಡಬಾರದೇನೋ, ಓಸ್ವಿನ್?”

“ಬಿಟ್ರೆ ನಾನು ಮನೇಲಿದೀನೋ ಇಲ್ವೋ ಅಂತ ನಿಂಗೆ ಹೇಗೆ ಗೊತ್ತಾಗತ್ತೆ ಬಂಗಾರ?”

ಶರತ್ಕಾಲದ ಕುರಿಗಾಹಿಗಳ ಮೇಳದಲ್ಲಿ ಪೈಪು ಸ್ಪರ್ಧೆಗೆ ತೀರ್ಪುಗಾರಳು ಹಿಲ್ಡಾ. ನುಡಿಸುವವರು ಕಾಣದಂತೆ ಡೇರೆಯ ನಡುವೆ ಕ್ಯಾನ್ವಾಸಿನ ಪರದೆ ಕಟ್ಟಿಸಿದ್ದು ಆಕೆಯೇ. ತೀರ್ಪು ಕೊಡುವವರಿಗೆ ಕಿವಿಯಿದ್ದರೆ ಸಾಕು, ಕಣ್ಣಿದ್ದರೆ ನೆಂಟಸ್ತಿಕೆ ಬರುತ್ತದೆ ಎಂಬುದು ಆಕೆಯ ವಾದ. ಆ ಪರದೆಯ ಹಿಂದೆ ಕೂತು ಗಂಡನಿಗೆ ಇದುವರೆಗೂ ಆಕೆ ಒಂದು ಬಹುಮಾನವನ್ನೂ ಕೊಟ್ಟಿರಲಿಲ್ಲ. ಇಡೀ ಕಣಿವೆಗೆ ಅದೊಂದು ಚೇಷ್ಟೆಯ ವಿಷಯ. ಆಕೆಗೆ ಅದೇ ಹೆಮ್ಮೆ.

ಆ ವರ್ಷ ಎರಡನೆಯವರು ಕೂತೊಡನೆ ಪರದೆಯಾಚೆ ಕೀಲು ಕಿರ್ರೆಂದಿತು. ಹಿಲ್ಡಾ ಪೆನ್ಸಿಲನ್ನು ಬಿಗಿಹಿಡಿದಳು. ಆದರೆ ಹೊರಟ ಸ್ವರಗಳು ಸಿಪ್ಪೆಯಿಂದ ಬಟಾಣಿ ಸಿಡಿದ ಹಾಗೆ ಬಿಡಿಬಿಡಿಯಾಗಿ, ದುಂಡಗೆ ಬಂದವು. ಕಲಿತುಬಿಟ್ಟನಲ್ಲ! ಆಕೆಯ ಎದೆ ಹಿಗ್ಗಿತು. ಹಿಗ್ಗಿದ್ದು ತಿಳಿದೊಡನೆಯೇ ಆಕೆಗೆ ತನ್ನ ಮೇಲೆ ಕೋಪವೂ ಬಂತು. ಗಂಡನ ವಾದನ ಕೇಳಿ ಹಿಗ್ಗುವ ತೀರ್ಪುಗಾರಳು ಆ ಹಿಗ್ಗಿನಷ್ಟು ಅಂಕವನ್ನು ಕಡಿಯಬೇಕಾದದ್ದೇ ನ್ಯಾಯ. ಕಡಿದಳು.

ಮೂರನೆಯವರ ತಿದಿ ಸದ್ದಿಲ್ಲದೆ ಉಸಿರಾಡಿತು. ಬಂದದ್ದು ಕುರಿಗಾಹಿಗಳ ಹಳೆಯ ಜೋಗುಳ. ಅದರ ಕೊನೆಯಲ್ಲಿ ಎರಡು ಸ್ವರಗಳು ಒಂದರ ಹೆಗಲ ಮೇಲೊಂದು ಕೈಹಾಕಿದಂತೆ ಅಂಟಿಕೊಂಡವು. ತಪ್ಪೇ ಸರಿ. ಆದರೂ ಆ ಒಂದು ಕಡೆ ಅದು ನಿದ್ದೆಗೆ ಜಾರುವ ಮಗುವಿನ ನಿಟ್ಟುಸಿರಿನಂತೆ ಕೇಳಿಸಿತು. ಯಾರೋ ತಿಳಿದವರು, ಬೇಕೆಂದೇ ಮಾಡಿದ್ದಾರೆ ಎಂದುಕೊಂಡು ಹಿಲ್ಡಾ ಮೊದಲ ಬಹುಮಾನವನ್ನು ಆ ಅಪರಿಚಿತರಿಗೇ ಬರೆದಳು.

ಮೇಳದ ಕಾರ್ಯದರ್ಶಿ ಗಿಲ್ ಡಾಡ್, ಆಕೆಯ ಹಳೆಯ ಶಿಷ್ಯ, ಕೆಂಪು ಚೀಟಿಯನ್ನು ಮೇಲೆತ್ತಿ ಕೂಗಿದ: “ಮೊದಲನೇ ಬಹುಮಾನ... ಅಯ್ಯೋ ದೇವರೇ, ಓಸ್ವಿನ್ ಟೆಲ್ಫರ್! ಎರಡನೇದು, ನಮ್ಮ ದನದ ಡಾಕ್ಟ್ರು ಥಿಯಾ ಮಿಲ್ಬರ್ನ್!”

ಡೇರೆಯೇ ಹಾರಿಹೋಗುವಷ್ಟು ನಗು. “ಕೊನೆಗೂ ಮನೆಯೂಟ ಫಲ ಕೊಡ್ತು ನೋಡ್ರಪ್ಪಾ!” ಎಂದು ಯಾರೋ ಕೂಗಿದರು.

ಹಿಲ್ಡಾ ಪರದೆ ಸರಿಸಿ ಹೊರಬಂದಳು. ಓಸ್ವಿನ್‌ನ ತಿದಿ ಥಿಯಾಳ ತೋಳಿಗೆ ಕಟ್ಟಿತ್ತು.

“ಇದು ನಿನ್ನ ಹತ್ರ ಯಾಕಿದೆ?”

“ನನ್ನ ತಿದೀನ ನಾಯಿ ಹರಿದುಹಾಕಿತ್ತು, ಟೀಚರ್. ಓಸ್ವಿನ್ ಮಾವ ತಮ್ದು ಬಿಚ್ಚಿಕೊಟ್ರು.”

“ನಾನು ಗಿಲ್‌ದು ಕಟ್ಕೊಂಡೆ,” ಎಂದ ಓಸ್ವಿನ್. “ಹೊಸದು ಕಣೇ. ಉಸಿರೇ ಕೇಳಿಸಲ್ಲ.”

ಹಿಲ್ಡಾಗೆ ಆದದ್ದು ಹೊಳೆಯಿತು. ಪರದೆ ಕಟ್ಟಿ ಕಣ್ಣನ್ನೇನೋ ಮರೆಮಾಡಿದ್ದಳು. ನೆಂಟಸ್ತಿಕೆ ಕಿವಿಯಿಂದಲೇ ಒಳಗೆ ನುಗ್ಗಿತ್ತು. ತಪ್ಪೊಂದೂ ಮಾಡದ ಹುಡುಗಿಯ ಅಂಕ ಕಡಿದದ್ದಾಯಿತು. ಮನೆಯಲ್ಲಿ ಬೈದ ತಪ್ಪನ್ನೇ ಇಲ್ಲಿ ಮೆಚ್ಚಿದ್ದೂ ಆಯಿತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಪ್ಪು ಮಾಡಿದವರು ಎದ್ದು ನಿಂತು ಹೇಳಬೇಕೆಂದು ಈ ಡೇರೆಯಲ್ಲಿದ್ದ ಅರ್ಧ ಜನಕ್ಕೆ ಪಾಠ ಹೇಳಿದವಳು ತಾನೇ ಅಲ್ಲವೆ?

ಆಕೆ ಗಿಲ್‌ನ ಕೈಯಿಂದ ಚೀಟಿಗಳನ್ನು ಕಿತ್ತುಕೊಂಡಳು. “ಕೇಳಿ ಎಲ್ಲರೂ. ಥಿಯಾ ನುಡಿಸಿದ್ದನ್ನ ನನ್ನ ಗಂಡನದು ಅಂದ್ಕೊಂಡು ನಾನು ಅಂಕ ಕಡಿದೆ. ಇದು ತೀರ್ಪಲ್ಲ. ಪರದೆ ಬಿಚ್ಚಿ. ಇಬ್ಬರೂ ನನ್ನ ಎದುರಿಗೇ ಕೂತು ಇನ್ನೊಂದ್ಸಲ ನುಡಿಸಿ.”

“ಸಿಕ್ಕಿದ್ದನ್ನೂ ಕಿತ್ಕೊಂಡ್ಯಲ್ಲೇ!” ಎಂದು ಓಸ್ವಿನ್ ಗೋಳಾಡಿದ. ಅವನ ಕಣ್ಣು ಮಾತ್ರ ನಗುತ್ತಿತ್ತು.

ಇಬ್ಬರೂ ನುಡಿಸಿದರು. ಹಿಲ್ಡಾ ಕಣ್ಣು ಮುಚ್ಚದೆ, ಮುಖ ತಿರುಗಿಸದೆ ಕೇಳಿದಳು. ಕೊನೆಗೆ ಕೆಂಪು ಚೀಟಿ ಥಿಯಾಳಿಗೆ ಹೋಯಿತು, ನೀಲಿ ಚೀಟಿ ಓಸ್ವಿನ್‌ಗೆ.

“ಅಂಟಿಸಿದ್ದಕ್ಕೆ ಎರಡನೇದಾ, ಮೇಡಂ?” ಎಂದ ಓಸ್ವಿನ್.

“ಅಲ್ಲ. ನಡುವೆ ಲಯ ಓಡಿಸಿದ್ದಕ್ಕೆ.” ಹಿಲ್ಡಾ ಜನರತ್ತ ತಿರುಗಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: “ಕೊನೇಲಿ ಅಂಟಿಸಿದ್ದು ತಪ್ಪಲ್ಲ. ಚೆನ್ನಾಗಿತ್ತು.”

ಡೇರೆ ಖಾಲಿಯಾದ ಮೇಲೆ ಗಂಡಹೆಂಡಿರಿಬ್ಬರೂ ಹ್ಯಾಮ್ ತುಂಬಿದ ರೊಟ್ಟಿ ತಿನ್ನುತ್ತ ಬೆಂಚಿನ ಮೇಲೆ ಉಳಿದರು. ಹಿಲ್ಡಾ ಕೈ ಒರೆಸಿಕೊಂಡು ಗಂಡನ ಪೈಪನ್ನು ತೊಡೆಯ ಮೇಲೆಳೆದುಕೊಂಡಳು. ಥಿಯಾ ಹಿಂದಿರುಗಿಸಿದ್ದ ತಿದಿ ಆಕೆಯ ಮೊಣಕೈ ಕೆಳಗೆ ಕಿರ್ರೆಂದಿತು. ಜೋಗುಳದ ಕೊನೆಗೆ ಬಂದಳು. ವರ್ಷಗಟ್ಟಲೆ ಪಳಗಿದ ಬೆರಳು, ಒಡತಿಯ ಮಾತು ಕೇಳದೆ, ಮೊದಲಿನ ರಂಧ್ರವನ್ನು ಪಟ್ಟನೆ ಮುಚ್ಚಿತು. ಶ್ರುತಿಕೊಳವೆಗಳು ಮಾತ್ರ ಗುಂಯ್‌ಗುಟ್ಟಿದವು.

“ಬೆರಳಿಗೆ ಶಿಸ್ತು ಜಾಸ್ತಿಯಾಯ್ತು, ಟೀಚರಮ್ಮ.”

“ಬಾಯ್ಮುಚ್ಚು,” ಎಂದಳು ಹಿಲ್ಡಾ. “ಬೆರಳು ಹೇಗಿಡೋದು ತೋರಿಸು. ನಿಧಾನಕ್ಕೆ.”