ಕಪ್ಪೆಚಿಪ್ಪಿನ ಎಂಜಲು

ಕಾಲುವೆ ಬಂದ್ ಆದ ಮೇಲೆ ಊರಿಗೆ ಉಳಿಯುತ್ತಿದ್ದುದು ಕೆರೆಯೊಂದೇ. ಕುರ್ಡಿಯ ಆಚೆಗಿನ ಆ ಹಳ್ಳಿಗೆ ಸೊಸೆಯಾಗಿ ಬಂದಾಗಿನಿಂದ ಮಹಾನಂದಾ ಪ್ರತಿ ಬೇಸಿಗೆಯಲ್ಲೂ ಅದರ ನೀರನ್ನು ಅಳುಕಿನಿಂದಲೇ ನೋಡುತ್ತಿದ್ದಳು. ೧೯೮೨ರ ಬೇಸಿಗೆಯಲ್ಲಿ ಅಳುಕು ಇನ್ನೂ ಹೆಚ್ಚಿತ್ತು. ಎಂಟು ತಿಂಗಳ ಮಗಳು ಆಗಷ್ಟೇ ಭೇದಿಯಿಂದ ಚೇತರಿಸಿಕೊಂಡಿದ್ದಳು. ಇನ್ನೊಮ್ಮೆ ಆದರೆ ಕೂಸು ತಾಳುವುದಿಲ್ಲ ಎಂದು ಮಾನ್ವಿಯ ಡಾಕ್ಟರು ಹೇಳಿದ್ದರು.

ಆ ವಾರವೇ ಸುಣ್ಣದ ಭಟ್ಟಿಯ ಪೀರಾ ಸಾಬ್ ಗಾಡಿ ಹೂಡಿಕೊಂಡು ಬಂದ. ಕೆರೆಯ ತಳದ ಕಪ್ಪೆಚಿಪ್ಪುಗಳಲ್ಲಿ ದೊಡ್ಡವನ್ನಷ್ಟು ಸುಡಲು ಒಯ್ಯುತ್ತೇನೆಂದ. ಊರ ಹಿರಿಯ ಯಮನೂರಪ್ಪ ಒಪ್ಪುವವನಿದ್ದ.

"ಬ್ಯಾಡ್ರಿ ಮಾವ. ನೀರು ತಿಳಿ ಇರೋದು ಅವುಗಳಿಂದನ," ಎಂದಳು ಮಹಾನಂದಾ.

"ರಾಯಚೂರ ಕಾಲೇಜಿನ್ಯಾಗ ಇದನ್ನ ಓದಿದ್ಯಾ ಯವ್ವಾ? ಹಂಗಾದ್ರ ನಮ್ಮ ಮನಿಗೂ ನಾಕು ಚಿಪ್ಪು ಕೂಲಿಗೆ ಕಳಿಸು," ಎಂದು ಯಮನೂರಪ್ಪ ನಕ್ಕ.

ಮಹಾನಂದಾ ಕೆರೆಗೆ ಹೋದಳು. ಎಮ್ಮೆ ಇಳಿಯುವ ಕಡೆಯ ರಾಡಿ ನೀರನ್ನು ಎರಡು ಬೋಗುಣಿಯಲ್ಲಿ ತಂದು ಕಟ್ಟೆಯ ಮೇಲಿಟ್ಟಳು. ಒಂದರಲ್ಲಿ ಜೀವಂತ ಚಿಪ್ಪುಗಳೆರಡನ್ನು ಬಿಟ್ಟಳು. ಬೆಳಿಗ್ಗೆ ಆ ಬೋಗುಣಿಯ ತಳ ಕಾಣುತ್ತಿತ್ತು. ಇನ್ನೊಂದು ಮಂಕಾಗಿಯೇ ಇತ್ತು. ನೋಡಲು ಓಣಿಯ ಹೆಂಗಸರು ನೆರೆದರು.

"ಹೆಂಗಾತು ಇದು?" ಅತ್ತೆ ಜಂಬಮ್ಮ ಬಗ್ಗಿ ನೋಡಿದಳು.

"ರಾಡಿ ನೀರು ಒಳಗ ಎಳಕೊಂತಾವ್ರಿ ಅತ್ತಿ. ಹೊಲಸು ತಾವು ತಿಂದು ತಿಳಿನೀರು ಹೊರಗ ಬಿಡ್ತಾವ."

ಬೋಗುಣಿಯ ಅಂಚಿನಿಂದ ಜಂಬಮ್ಮ ಕೈ ತೆಗೆದಳು. "ಅಂದ್ರ ಇಷ್ಟು ವರ್ಷ ನಾವು ಕುಡಿದದ್ದು ಹುಳದ ಎಂಜಲ. ದೇವರಿಗೆ ಎರದದ್ದೂ ಅದ."

"ಎಂಜಲಲ್ರಿ, ಸೋಸಿದ್ದು."

"ಬಾಯಿಲೆ ಸೋಸಿದ್ದೇನು, ಅರಿವಿ ಕಟ್ಟಿ ಸೋಸಿದ್ದೇನು?"

ಎಂಜಲಿನ ಮಾತು ಮನೆಮನೆ ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಊರ ಹೆಂಗಸರೆಲ್ಲ ಸೀರೆ ಎತ್ತಿಕಟ್ಟಿ ಕೆರೆಗಿಳಿದಿದ್ದರು. ಕೆಸರಲ್ಲಿ ಕೈಯಾಡಿಸಿ ಉಗುರಿನಷ್ಟು ಮರಿಗಳನ್ನೂ ಬಿಡದೆ ಬುಟ್ಟಿ ತುಂಬಿದರು. ಪೀರಾ ಸಾಬ್ ಗಾಡಿಯ ಪಕ್ಕ ಮುಜುಗರದಿಂದ ನಿಂತಿದ್ದ.

"ನನಗ ದೊಡ್ಡವು ಸಾಕಾಗಿದ್ವು ಅಕ್ಕಾ," ಎಂದ ಮಹಾನಂದಾಳಿಗೆ.

ಕೆಲವೇ ವಾರಗಳಲ್ಲಿ ಕೆರೆ ಹಸಿರುಗಟ್ಟಿತು. ತುಂಬಿಟ್ಟ ಕೊಡ ಸಂಜೆಗೆ ವಾಸನೆ ಹೊಡೆಯುತ್ತಿತ್ತು. ಓಣಿಯ ಮಕ್ಕಳಿಗೆ ಭೇದಿ ಹತ್ತಿತು. ಬಿಸಿಲು ಹೆಚ್ಚಿದ್ದಕ್ಕೆ ಹೀಗೆ ಎಂದರು ಎಲ್ಲರೂ.

ಬೋಗುಣಿಯ ಎರಡು ಚಿಪ್ಪುಗಳನ್ನು ಮಾತ್ರ ಮಹಾನಂದಾ ಕೊಟ್ಟಿರಲಿಲ್ಲ. ಜೋಳದ ಚೀಲಗಳ ಹಿಂದೆ ಬೋಗುಣಿಯೊಂದಿಗೇ ಅವನ್ನು ಬಚ್ಚಿಟ್ಟಿದ್ದಳು. ದಿನಾ ಅಲ್ಲಿ ತಿಳಿಯಾದ ನೀರನ್ನು ಕುದಿಸಿ ಆರಿಸಿ ಮಗಳಿಗೆ ಕುಡಿಸುತ್ತಿದ್ದಳು. ಓಣಿಯಲ್ಲಿ ಅವಳ ಕೂಸೊಂದೇ ನಗುತ್ತ ಅಂಬೆಗಾಲಿಡುತ್ತಿತ್ತು. ಅದನ್ನು ಕಂಡವರು ಜಂಬಮ್ಮನ ಕೈಗುಣ ಹೊಗಳುತ್ತಿದ್ದರು.

ಒಂದು ದಿನ ಕಟ್ಟಿಗೆ ತರಲು ಹೋದವಳು ಬರುವಷ್ಟರಲ್ಲಿ ಬೋಗುಣಿ ಅಂಗಳದ ಬಿಸಿಲಲ್ಲಿ ಬೋರಲು ಬಿದ್ದಿತ್ತು.

"ಚೀಲ ಸರಿಸಿದ್ರ ಒಳಗ ಹುಳ ಇದ್ವು ಬೇ. ತಿಪ್ಪಿಗೆ ಒಗದು, ಬೂದಿ ಹಾಕಿ ತಿಕ್ಕೀನಿ," ಎಂದಳು ಜಂಬಮ್ಮ ಪಡಸಾಲೆಯಿಂದ. ಕೂಸು ಅವಳ ತೊಡೆಯ ಮೇಲಿತ್ತು. ಜಂಬಮ್ಮನ ಕೈಯಲ್ಲಿ ಒಂದು ಚಿಪ್ಪು. ತಿಕ್ಕಿ ತೊಳೆದದ್ದಕ್ಕೆ ಅದರ ಒಳಮೈ ಬೆಳ್ಳಿಯಂತೆ ಹೊಳೆಯುತ್ತಿತ್ತು. "ಚಿಪ್ಪು ಮಾತ್ರ ಚಲೋ ಅದಾವ. ಕೊಡದ ನೀರು ಚೆಲ್ಲದಂಗ ಕುಡಿತದ ನೋಡು ಕೂಸು."

ಕಟ್ಟಿಗೆ ಕೆಳಗೆ ಬಿತ್ತು. ಮಹಾನಂದಾ ಓಡಿಬಂದು ಚಿಪ್ಪು ಕಸಿದುಕೊಂಡಳು. ಅದರ ತಳದಲ್ಲಿ ಹಸಿರು ತೇವವಷ್ಟೇ ಉಳಿದಿತ್ತು. ಕೂಸು ಇನ್ನೂ ಬೇಕೆಂದು ಒದ್ದೆ ಬಾಯಿ ತೆರೆದಿತ್ತು.